ಬೋರ್‌ದರಿ ನಿಲ್ದಾಣದ ನೀರಿನ ಟಾಕಿ

ನಿನ್ನೆ ಮಧ್ಯಾಹ್ನ ಮೊಮ್ಮಗಳು ನಡುಮನೆಯಲ್ಲಿ ಕೂತು ಉಗುರಿನ ಬಣ್ಣ ಅಳಿಸಿಕೊಳ್ಳುತ್ತಿದ್ದಳು. ಸಣ್ಣ ಸೀಸೆಯ ಮುಚ್ಚಳ ತೆಗೆದದ್ದೇ ತಡ, ಅದರ ವಾಸನೆ ಅಡುಗೆಮನೆಯವರೆಗೂ ಬಂತು. ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತೆ.

“ವಾಸ ಜಾಸ್ತಿ ಬರ್ತಿದೆ ಕಾ ಅಜ್ಜಿ? ಖಿಡಕಿ ತೆಗಿಲಾ?” ಎಂದಳು. ನಾಸಿಕದಲ್ಲಿ ಹುಟ್ಟಿ ಬೆಳೆದ ಮಕ್ಕಳ ಕನ್ನಡ ಹೀಗೇ. ಅರ್ಧ ದಾರಿಗೆ ಬಂದು ಮರಾಠಿಯ ಕೈ ಹಿಡಿದುಬಿಡುತ್ತದೆ.

“ಬ್ಯಾಡ, ಇರಲಿ” ಎಂದೆ. ಅವಳಿಗೆ ಆಶ್ಚರ್ಯ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ರೈಲು ನಿಲ್ದಾಣ ಎಂದರೆ ನಿಮಗೆ ಕಲ್ಲಿದ್ದಲ ಹೊಗೆಯೋ ಮಣ್ಣಿನ ಕುಡಿಕೆಯ ಚಹಾದ ವಾಸನೆಯೋ ನೆನಪಾಗುತ್ತಿರಬೇಕು. ನನಗೆ ಗೊತ್ತಿರುವ ಒಂದು ನಿಲ್ದಾಣಕ್ಕೆ ಮಾತ್ರ ಈ ಉಗುರುಬಣ್ಣದ ಸೀಸೆಯ ವಾಸನೆಯಿತ್ತು. ಅದನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಅರ್ಹತೆ ಕೇಳಿದರೆ ಇನ್ನೂ ನಂಬುವುದಿಲ್ಲ: ಹೊಲಿಗೆ ಕ್ಲಾಸಿಗೆ ಹೋಗಿ, ರವಿಕೆಯ ಎರಡು ತೋಳನ್ನೂ ಎಡಗೈಗೇ ಆಗುವಂತೆ ಹೊಲಿದು ತಂದವಳು ನಾನು.

ಎಪ್ಪತ್ತರ ದಶಕದ ಆರಂಭದ ಮಾತು. ಗುಲ್ಬರ್ಗಾದಿಂದ ಮದುವೆಯಾಗಿ ನಾಸಿಕ್ ರೋಡಿಗೆ ಬಂದು ಎರಡು ವರ್ಷವಾಗಿತ್ತು. ನನ್ನ ಗಂಡ ಓಝರಿನ ವಿಮಾನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಓಝರ್ ಎಲ್ಲಿ, ನಾಸಿಕ್ ರೋಡ್ ಎಲ್ಲಿ! ದಿನಾ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅವರ ಅರ್ಧ ಜೀವ ಸವೆಯುತ್ತಿತ್ತು. ಆದರೂ ಸ್ಟೇಷನ್ನಿನ ಹತ್ತಿರವೇ ಮನೆ ಮಾಡಿದ್ದೆವು. ಕಾರಣ ನನ್ನ ಮಾವ. ನಿವೃತ್ತರಾಗಿ ನಮ್ಮಲ್ಲಿಗೆ ಬಂದಾಗ ಅವರು ಇಟ್ಟ ಷರತ್ತು ಒಂದೇ: “ಗಾಡಿ ಸಪ್ಪಳ ಕೇಳಲಿಲ್ಲಂದ್ರ ನನಗ ಊಟ ಮೈಗೆ ಹತ್ತಂಗಿಲ್ಲ ನೋಡ್ರಿ.”

ಮಾವ ಮೂವತ್ತು ವರ್ಷ ಸ್ಟೇಷನ್ ಮಾಸ್ತರಾಗಿದ್ದವರು. ನಿಜಾಮರ ಕಾಲದಲ್ಲಿ ಕೆಲಸಕ್ಕೆ ಸೇರಿ, ಮನಮಾಡದಿಂದ ಔರಂಗಾಬಾದ್ ಕಡೆಗೆ ಹೋಗುವ ಮೀಟರ್ ಗೇಜ್ ದಾರಿಯ ಸಣ್ಣ ಸಣ್ಣ ನಿಲ್ದಾಣಗಳಲ್ಲೇ ಆಯುಷ್ಯ ಕಳೆದವರು. ಊರಿನ ಹೆಸರು ಈಗ ಸಂಭಾಜಿನಗರ ಎಂದಾಗಿದೆ. ನನ್ನ ನೆನಪಿನಲ್ಲಿ ಅದಿನ್ನೂ ಔರಂಗಾಬಾದೇ. ಅತ್ತೆಯವರು ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮಾವ ಸೊಸೆಯಾದ ನನ್ನನ್ನು ತಂಗೀ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಚಿಕ್ಕವರನ್ನು ಹಿರಿಯರು ಹಾಗೆ ಕರೆಯುವುದುಂಟು. ನಾಸಿಕದ ನೆರೆಯವರಿಗೆ ಅದನ್ನು ವಿವರಿಸಿ ಹೇಳುವುದೇ ನನಗೊಂದು ಕೆಲಸವಾಗಿತ್ತು. ಓಣಿಯ ರಸ್ತೆ ದಾಟುವಾಗಲೂ ಎರಡೂ ಬದಿಗೆ ಸಾವಕಾಶ ನೋಡಿ, ಯಾವುದೋ ಸಿಗ್ನಲ್ ಬಿದ್ದಿತೆಂಬಂತೆ ತಲೆಯಾಡಿಸಿ ಹೆಜ್ಜೆ ಇಡುವರು. ಮಾತು ಕಡಿಮೆ. ಹಳೆಯ ನಿಲ್ದಾಣಗಳ ಬಗ್ಗೆ ಕೇಳಿದರೆ ಒಂದೆರಡು ಮಾತು ಹೇಳುವರು. ಬೋರ್‌ದರಿ ಎಂಬ ಒಂದು ನಿಲ್ದಾಣದ ಹೆಸರೆತ್ತಿದರೆ ಮಾತ್ರ ಎದ್ದು ಅಂಗಳಕ್ಕೆ ಹೋಗಿಬಿಡುವರು. ನನ್ನ ಗಂಡ ಬಾಲ್ಯ ಕಳೆದದ್ದು ಅಲ್ಲೇ. ಹಾಗಾಗಿ ಹೆಸರು ಆಗಾಗ ಬರುತ್ತಿತ್ತು, ಮಾವ ಆಗಾಗ ಎದ್ದು ಹೋಗುತ್ತಿದ್ದರು.

ಆ ವರ್ಷ ಗಂಡನ ಕಾರ್ಖಾನೆಯ ಹಿರಿಯ ಎಂಜಿನಿಯರೊಬ್ಬರು ತರಬೇತಿಗೆಂದು ರಷ್ಯಾಕ್ಕೆ ಹೋಗಿ ಬರುವಾಗ ಇವರಿಗೊಂದು ಉಡುಗೊರೆ ತಂದರು. ಪೂರ್ವ ಜರ್ಮನಿಯಲ್ಲಿ ತಯಾರಾದ ಆಟಿಕೆಯ ಪೆಟ್ಟಿಗೆ. ಆಟಿಕೆಯೆಂದರೆ ಅವರಿಗೆ ಸಿಟ್ಟು ಬರುತ್ತಿತ್ತು, “ಮಾಡೆಲ್” ಅನ್ನಬೇಕು. ಪೆಟ್ಟಿಗೆಯ ಮೇಲೆ ಒಂದು ರೈಲು ನಿಲ್ದಾಣದ ಚಿತ್ರ. ಒಳಗೆ ಪ್ಲಾಸ್ಟಿಕ್ಕಿನ ಗೋಡೆ, ಬಾಗಿಲು, ಕಿಟಕಿ, ಚಿಮಣಿ ಎಲ್ಲ ಬಿಡಿಬಿಡಿಯಾಗಿ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡಿದ್ದವು. ಒಂದೊಂದನ್ನೇ ಬಿಡಿಸಿ, ಅಂಚು ಉಜ್ಜಿ, ಅಂಟಿಸಿ ಕಟ್ಟಬೇಕು. ಬಾಗಿಲು ನನ್ನ ಹೆಬ್ಬೆರಳಿನ ಉಗುರಿನಷ್ಟು. ಜೊತೆಗೆ ರೈಲೂ ಇಲ್ಲ, ಹಳಿಯೂ ಇಲ್ಲ. ಬಂದವರು ರೈಲೆಲ್ಲಿ ಎಂದು ಕೇಳಿದರೆ ಗಂಡ ಗಂಭೀರವಾಗಿ, “ಲೇಟ್ ಅದ” ಎನ್ನುತ್ತಿದ್ದರು. ಕಟ್ಟಲು ಪುರುಸೊತ್ತಿಲ್ಲದೆ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟರು. ನಾನೇ ಒಂದು ದಿನ ಬೇಸರ ಕಳೆಯಲು ಅದನ್ನು ಇಳಿಸಿ, ನೆಲದ ಮೇಲೆ ಪತ್ರಿಕೆ ಹಾಸಿ ಕೂತೆ. ಮೊದಲ ಗೋಡೆಯನ್ನು ತಲೆಕೆಳಗಾಗಿ ಅಂಟಿಸಿದೆ. ಕಿಟಕಿಗಳು ನೆಲಕ್ಕೆ ಹತ್ತಿದವು, ಬಾಗಿಲು ಆಕಾಶ ನೋಡಿತು.

ಮಾವ ಕನ್ನಡಕ ಏರಿಸಿಕೊಂಡು ಬಂದು ಬಗ್ಗಿ ನೋಡಿದರು. ಪೆಟ್ಟಿಗೆಯ ಚಿತ್ರ ನೋಡಿದರು. ಆಮೇಲೆ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇದು ಸ್ಟೇಷನ್ ಏನು ತಂಗಿ? ಹಿಮ ಜಾರಿ ಬೀಳಲಿ ಅಂತ ಛಾವಣಿ ಇಷ್ಟು ಕಡಿದಾಗಿ ಮಾಡ್ಯಾರ. ನಮ್ಮ ಕಡಿ ಬಿಸಲು ಬಿಟ್ಟರ ಬ್ಯಾರೆ ಏನು ಬೀಳ್ತದ?”

“ಹಂಗಾರ ನಮ್ಮ ಕಡಿ ಸ್ಟೇಷನ್ ಮಾಡೋಣಲ್ಲ ಮಾಮಾ” ಎಂದೆ. ನಾನು ಸುಮ್ಮನೆ ಆಡಿದ ಮಾತು. ಅವರು ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಗಂಧ ಹಚ್ಚಿಕೊಂಡು, ಡ್ಯೂಟಿಗೆ ಬಂದವರಂತೆ ಪತ್ರಿಕೆಯ ಮೇಲೆ ಬಂದು ಕೂತರು. “ಬೋರ್‌ದರಿ ಮಾಡೋಣ” ಎಂದರು.

ಆ ಹೆಸರು ಅವರ ಬಾಯಿಂದಲೇ ಬಂದದ್ದು ಕೇಳಿ ನಾನು ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಎದ್ದು ಹೋದಾರು ಎಂದು ಹೆದರಿಕೆ.

ಸಂಜೆ ಗಂಡ ಮನೆಗೆ ಬರುವ ಹೊತ್ತಿಗೆ ಜರ್ಮನಿಯ ಛಾವಣಿ ಎರಡು ತುಂಡಾಗಿತ್ತು. ಅವರ ಮುಖ ನೋಡಿ ನನಗೆ ಪಾಪ ಎನಿಸಿತು. ಮಾಡೆಲ್ ಎಂದರೆ ನಕ್ಷೆಯಲ್ಲಿ ಇದ್ದಂತೆಯೇ ಕಟ್ಟಬೇಕು ಎಂದು ನಂಬಿದ್ದ ಮನುಷ್ಯ. ಆದರೆ ತುಂಡಿನ ಹಲ್ಲು ಹಲ್ಲಾದ ಅಂಚನ್ನು ಬೆರಳಿಂದ ಸವರಿ ನೋಡಿ, “ಬ್ರೆಡ್ ಕೊಯ್ಯೋ ಚಾಕುಲೆ ಕೊಯ್ದೀರೇನು ಅಪ್ಪಾ? ನಾಳೆ ಸಣ್ಣ ಗರಗಸ ತರ್ತೀನಿ ತಡೀರಿ” ಎಂದರು. ಅಲ್ಲಿಗೆ ಅವರೂ ನಮ್ಮ ಪಾರ್ಟಿ ಸೇರಿದರು.

ಹೀಗೆ ಮೂವರ ಕಂಪನಿಯಾಯಿತು. ನಿಜದ ಒಂದು ಅಡಿ ಈ ಲೋಕದಲ್ಲಿ ಮೂರೂವರೆ ಮಿಲಿಮೀಟರ್. ಮಾವ ಕಣ್ಣು ಮುಚ್ಚಿ, ಅಂಗಳದಲ್ಲಿ ಹೆಜ್ಜೆ ಹಾಕಿ, “ಕಚೇರಿಯಿಂದ ಗಂಟೆಗೆ ಹನ್ನೊಂದು ಹೆಜ್ಜಿ” ಎಂದರೆ, ಗಂಡ ಅದನ್ನು ಅಡಿ ಮಾಡಿ, ಅಡಿಯನ್ನು ಮಿಲಿಮೀಟರ್ ಮಾಡಿ, ಒಂದು ಮರದ ಹಲಗೆಯ ಮೇಲೆ ಸೂಜಿಯಂಥ ಪೆನ್ಸಿಲ್ಲಿನಿಂದ ಗೀಟು ಹಾಕುವರು. ಅರ್ಧ ಮಿಲಿಮೀಟರ್ ತಪ್ಪಿದರೂ ಅಳಿಸಿ ಮತ್ತೆ ಬರೆಯುವರು. ಪೆಟ್ಟಿಗೆಯ ಅಂಟು ದಾರಿಯಲ್ಲೇ ಒಣಗಿತ್ತು. ಉಳಿದ ಪ್ಲಾಸ್ಟಿಕ್ ಕಡ್ಡಿಗಳನ್ನೇ ಚೂರು ಮಾಡಿ, ಬಣ್ಣದಂಗಡಿಯಿಂದ ತಂದ ಅಸಿಟೋನಿನಲ್ಲಿ ಕರಗಿಸಿ ಅಂಟು ಮಾಡಿಕೊಂಡೆವು. ನಾನು ಆಗಲೇ ಹೇಳಿದ ವಾಸನೆ ಅದೇ. ನಮ್ಮ ಸಾರಿಗೂ ಚಟ್ನಿಗೂ ಆ ತಿಂಗಳೆಲ್ಲ ಅದೇ ಒಗ್ಗರಣೆ.

ಕಡಿದಾದ ಛಾವಣಿ ಹೋಗಿ ಅಲ್ಲಿ ತಗಡಿನ ಛಾವಣಿ ಬಂತು. ಚಹಾ ಪೊಟ್ಟಣದ ಬೆಳ್ಳಿ ಕಾಗದವನ್ನು ಬಾಚಣಿಗೆಯ ಮೇಲೆ ಒತ್ತಿದರೆ ಥೇಟ್ ಗೆರೆಗೆರೆಯ ತಗಡು. ಮರದ ಪಟ್ಟಿಯ ಗೋಡೆಗಳನ್ನು ಕರಿಕಲ್ಲಿನ ಗೋಡೆ ಮಾಡುವುದು ನನ್ನ ಪಾಲಿಗೆ ಬಂತು. ದಪ್ಪ ಕಾಗದ ಅಂಟಿಸಿ, ಕಸೂತಿ ಸೂಜಿಯಿಂದ ಒಂದೊಂದೇ ಕಲ್ಲು ಗೀರಿ, ದೀಪದ ಕಾಡಿಗೆ ಸವರಿದೆ. ಕಲ್ಲುಗಳೆಲ್ಲ ಒಂದೇ ಅಳತೆಯಲ್ಲಿ ಅಚ್ಚುಕಟ್ಟಾಗಿ ಬಂದಾಗ ನನಗೆ ಹೆಮ್ಮೆ, ಮಾವ ನೋಡಿ, “ಇಷ್ಟು ಶಿಸ್ತಿನ ಗೌಂಡಿ ನಮ್ಮ ಲೈನಿನ್ಯಾಗ ಯಾವನೂ ಇದ್ದಿಲ್ಲವಾ. ಸ್ವಲ್ಪ ಸೊಟ್ಟ ಮಾಡು” ಎಂದರು. ಸೊಟ್ಟ ಮಾಡುವುದು ನನಗೆ ಸಹಜವಾಗಿ ಬರುತ್ತಿತ್ತು. ಚಿಮಣಿ ಕಿತ್ತು ಅಲ್ಲಿ ಪಾರಿವಾಳ ಕೂರಿಸಿದೆವು. ಹಲಗೆಯ ಒಂದು ಕೊನೆಗೆ ಬೇವಿನ ಮರ ನೆಟ್ಟೆವು. ತಂತಿಯ ಹಳಿ ಹಾಸಿ, ಗೋದಾವರಿಯ ಮರಳನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ ಹಳಿಗಳ ನಡುವಿನ ಜಲ್ಲಿ ಮಾಡಿದೆವು. ಆ ಜರಡಿಯನ್ನು ಮತ್ತೆ ಹಿಟ್ಟಿಗೆ ಬಳಸಿದ್ದನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ತಲೆನೋವಿನ ಮುಲಾಮಿನ ತಗಡಿನ ಡಬ್ಬಿಯನ್ನು ನಾಲ್ಕು ಹಿತ್ತಾಳೆ ತಂತಿಯ ಕಾಲುಗಳ ಮೇಲೆ ನಿಲ್ಲಿಸಿದಾಗ ಎಂಜಿನ್ನಿಗೆ ನೀರು ತುಂಬುವ ಟಾಕಿಯಾಯಿತು. ಮಾವ ಬೆರಳಿಟ್ಟು ಜಾಗ ತೋರಿಸಿದರು. ಪ್ಲಾಟ್‌ಫಾರ್ಮಿಗೂ ಗೂಡ್ಸ್ ಡಬ್ಬಿಗಳು ನಿಲ್ಲುವ ಪಕ್ಕದ ಹಳಿಗೂ ನಡುವೆ. ಗಂಡ ಗುರುತು ಹಾಕಿದರು, ನಾನು ಅಂಟಿಸಿದೆ. ಕೊನೆಗೆ ರಟ್ಟಿನ ಎರಡು ಗೂಡ್ಸ್ ಡಬ್ಬಿಗಳನ್ನು ಆ ಹಳಿಯ ಮೇಲೆ ನಿಲ್ಲಿಸಿ, ಬೆಂಕಿಕಡ್ಡಿಯಿಂದ ಒಬ್ಬ ಮಾಸ್ತರನನ್ನು ಮಾಡಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದೆವು.

ಅವತ್ತು ಕೆಲಸ ಮುಗಿದ ಖುಷಿಗೆ ನಾನು ಕೆನ್ನೆಯನ್ನು ಹಲಗೆಗೆ ಹಚ್ಚಿ, ಆ ಕಡ್ಡಿ ಮಾಸ್ತರನ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದೆ. ನೀವೂ ಯಾವಾಗಲಾದರೂ ಇಂಥ ಸಣ್ಣ ಮನೆಗಳನ್ನು ನೋಡಿದರೆ ಹಾಗೆ ನೋಡಿ. ಒಮ್ಮೆಗೇ ಎಲ್ಲ ದೊಡ್ಡದಾಗುತ್ತದೆ, ನೀವು ಒಳಗೆ ನಿಂತುಬಿಡುತ್ತೀರಿ.

“ಮಾಮಾ, ಮಾಸ್ತರಿಗೆ ಇಲ್ಲಿಂದ ಆ ಡಬ್ಬಿಗಳ ಸಂದಿ ಕಾಣಂಗೇ ಇಲ್ಲ. ಟಾಕಿ ಅಡ್ಡ ಬರ್ತದ” ಎಂದೆ.

ಅವರು ಮೊಣಕಾಲೂರಿ, ಬಿಳಿ ಗಡ್ಡದ ಕೆನ್ನೆಯನ್ನು ನನ್ನ ಹಾಗೆಯೇ ಹಲಗೆಗೆ ಹಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಕೆನ್ನೆಗೆ ಮರಳು ಹತ್ತಿತ್ತು, ಕಣ್ಣು ಒದ್ದೆಯಾಗಿತ್ತು.

“ಕಾಣಂಗಿಲ್ಲ ಅಲ್ಲಾ?” ಎಂದು ಕೇಳಿದರು. “ನೀನೂ ನೋಡಿದಿ ಅಲ್ಲಾ?”

ಆಮೇಲೆ ಹೇಳಿದರು. ಹದಿನೆಂಟು ವರ್ಷಗಳ ಹಿಂದೆ ಬೋರ್‌ದರಿಯಲ್ಲಿ ಹಳಿ ಬದಲಿಸುವ, ಡಬ್ಬಿ ಜೋಡಿಸುವ ಕೆಲಸಕ್ಕೆ ಸಖಾರಾಮ ಎಂಬ ಪಾಯಿಂಟ್ಸ್‌ಮನ್ ಇದ್ದ. ಒಂದು ಮಧ್ಯಾಹ್ನ ಎರಡು ಡಬ್ಬಿಗಳನ್ನು ಗೂಡ್ಸ್ ಗಾಡಿಗೆ ಜೋಡಿಸಬೇಕಿತ್ತು. ಸಖಾರಾಮ ಹಳಿಯ ಪಕ್ಕ ನಿಂತು ಎಲ್ಲ ಸರಿಯಿದೆ ಎಂದು ಕೈ ಎತ್ತಿದ. ಮಾವ ಹಸಿರು ಬಾವುಟ ತೋರಿಸಿದರು. ಎಂಜಿನ್ ಹಿಂದಕ್ಕೆ ಬರತೊಡಗಿತು. ಅಷ್ಟರಲ್ಲಿ ಸಖಾರಾಮ ಮತ್ತೆ ಡಬ್ಬಿಗಳ ಸಂದಿಗೆ ಹೋಗಿದ್ದ. ಕಿರುಚಿದ ಸದ್ದು ಕೇಳಿದಾಗಲೇ ಇವರಿಗೆ ಗೊತ್ತಾದದ್ದು. ಎಡಗೈ ಮಣಿಕಟ್ಟಿನಿಂದ ಕೆಳಗೆ ಹೋಯಿತು. ವಿಚಾರಣೆ ನಡೆದು, ಯಾರ ತಪ್ಪೂ ಇಲ್ಲವೆಂದು ಬರೆದು ಮುಗಿಸಿದರು.

“ಅವ ಒಳಗ ಹೋಗೂದು ನಾ ನೋಡಿದ್ದರ ಕೆಂಪು ಬಾವುಟ ತೋರಿಸ್ತಿದ್ದೆ, ಎಂಜಿನ್ ನಿಲ್ತಿತ್ತು. ಆಗ ನಾ ಎಲ್ಲಿ ನೋಡಾಕತ್ತಿದ್ದೆ? ಅದೇ ನೆನಪಾಗವಲ್ದು. ಹದಿನೆಂಟು ವರ್ಷ ಅದನ್ನೇ ಕೇಳ್ಕೋತ ಬಂದೀನಿ” ಎಂದರು. “ಈಗ ನೋಡಿದರ, ಎಲ್ಲಿ ನೋಡಿದ್ದರೂ ಕಾಣ್ತಿರಲಿಲ್ಲ. ಟಾಕಿ ಅಡ್ಡ ಇತ್ತು.”

ಆ ವಾರ ಮಾವ ಬೇರೆ ಮನುಷ್ಯರಾದರು. ಹಾಲಿನವನ ಜೊತೆ ಹರಟೆ ಹೊಡೆದರು. ನನಗೆ ಒಳಗೊಳಗೇ ಗರ್ವ. ಮಾವನ ಎದೆಯ ಭಾರ ಇಳಿಸಿದ್ದು ನನ್ನ ಕಣ್ಣು ಎಂದು. ಸಖಾರಾಮನಿಗೂ ಇದನ್ನು ತೋರಿಸಬೇಕು ಎಂದು ಅವರು ಹಟ ಹಿಡಿದರು. ಅಪಘಾತವಾದ ತಿಂಗಳೇ ಕೇಳಿ ವರ್ಗ ಮಾಡಿಸಿಕೊಂಡು ಹೋದವರು ಆಮೇಲೆ ಅವನ ಮುಖ ನೋಡಿರಲಿಲ್ಲ. ಅವನು ಗಂಗಾಪುರದ ಹತ್ತಿರದ ಹಳ್ಳಿಯಲ್ಲಿದ್ದಾನೆಂದು ಮಾತ್ರ ಗೊತ್ತಿತ್ತು. ಬೋರ್‌ದರಿಗೇ ಹೋಗಿ ನೋಡೋಣವೆಂದರೆ ಆ ಹಳೆಯ ನಿಲ್ದಾಣವನ್ನು ಕೆಡವಿ, ಎರಡು ಮೈಲು ಆಚೆ ಹೊಸದು ಕಟ್ಟಿ ವರ್ಷಗಳಾಗಿದ್ದವು. ಉಳಿದಿದ್ದದ್ದು ನಮ್ಮ ಹಲಗೆಯ ಮೇಲಿನದೊಂದೇ.

ಗಂಡನಿಗೆ ರಜೆ ಸಿಗಲಿಲ್ಲ. ಅವರು ಮಾಡಿಕೊಟ್ಟ ಪ್ಲೈವುಡ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಮಾವನೂ ಹೊರಟೆವು. ಮನಮಾಡದಲ್ಲಿ ಇಳಿದು ಸಣ್ಣ ಗಾಡಿ ಹಿಡಿದೆವು. ಎದುರಿಗೆ ಕೂತ ಹೆಂಗಸು ಪೆಟ್ಟಿಗೆಯನ್ನೇ ನೋಡಿ ನೋಡಿ ಕೊನೆಗೆ, “ಗಣಪತಿ ಆಹೇ ಕಾ?” ಎಂದು ಮರಾಠಿಯಲ್ಲಿ ಕೇಳಿದಳು. ಮಾವ ನನಗಿಂತ ಮೊದಲು, “ನಾಹೀ, ಸ್ಟೇಷನ್ ಆಹೇ” ಎಂದರು. ಆಕೆ ಮಗುವನ್ನು ಎತ್ತಿಕೊಂಡು ಸ್ವಲ್ಪ ಆಚೆ ಸರಿದು ಕೂತಳು. ಲಾಸೂರಿನಲ್ಲಿ ಇಳಿದು ಬಸ್ಸು ಹತ್ತಿದೆವು.

ಸಖಾರಾಮ ಬಾಜ್ರಾ ಕೂಡಿಡುವ ಕೋಣೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಹಗ್ಗದ ಒಂದು ತುದಿಯನ್ನು ಕಾಲ್ಬೆರಳಲ್ಲಿ ಹಿಡಿದಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಅಂಗಿಯ ಎಡತೋಳಿನ ತುದಿ ಮಡಚಿ ಪಿನ್ನು ಹಾಕಿತ್ತು. “ಮಾಸ್ತರ್‌ಸಾಹೇಬ್!” ಎಂದ. ಅಷ್ಟೇ. ಅವರಿಬ್ಬರೂ ಮಾತಾಡಿದ್ದು ಮರಾಠಿಯಲ್ಲಿ. ನಾನು ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಪೆಟ್ಟಿಗೆ ತೆರೆದಾಗ ಅವನು ಬಾಯಿಗೆ ಕೈ ಹಿಡಿದ. ಹೆಂಡತಿಯನ್ನು ಕರೆದ. ಗಂಟೆ ನೋಡಿದ, ಬೇವಿನ ಮರ ನೋಡಿದ, ಪಾರಿವಾಳ ನೋಡಿ ನಕ್ಕ. ಆಮೇಲೆ ಅವನ ಬೆರಳು ಟಾಕಿಯ ಮೇಲೆ ಬಂದು ನಿಂತಿತು.

“ಇದು ಇಲ್ಲಿರಲಿಲ್ಲ ಸಾಹೇಬ್. ಆ ಕಡೆ, ಬೇವಿನ ಮರದ ಪಕ್ಕ ಇತ್ತು.”

ನಾನು ಮರವನ್ನೇ ನೋಡುತ್ತಾ ಕೂತೆ. ಅದು ಹಲಗೆಯ ಇನ್ನೊಂದು ಕೊನೆಯಲ್ಲಿತ್ತು.

“ಖರೇ ಹೇಳು. ಚೆನ್ನಾಗಿ ನೆನಪಿದೆಯಾ?” ಎಂದರು ಮಾವ.

“ದಿನಾ ಅದರ ಕೆಳಗೇ ಸ್ನಾನ ಮಾಡುತ್ತಿದ್ದೆ ಸಾಹೇಬ್, ನೆನಪಿಲ್ಲದೆ ಏನು?”

“ಹಾಗಾದರೆ ನೀನು ಒಳಗೆ ಹೋದದ್ದು ನನಗೆ ಕಾಣಬೇಕಿತ್ತು.”

“ಕಾಣಬೇಕಿತ್ತು” ಎಂದ ಸಖಾರಾಮ. “ನೀವು ಗಡಿಯಾರ ನೋಡುತ್ತಿದ್ದಿರಿ. ನೀವು ನನ್ನ ಕಡೆ ನೋಡುತ್ತಿಲ್ಲ ಅನ್ನುವುದು ನನಗೆ ಕಾಣುತ್ತಿತ್ತು. ಆದರೂ ಒಳಗೆ ಹೋದೆ. ಕೊಂಡಿ ಓರೆಯಾಗಿತ್ತು, ಒಂದು ಏಟು ಕೊಟ್ಟರೆ ಸರಿಹೋಗುತ್ತೆ, ಅಷ್ಟರಲ್ಲಿ ಗಾಡಿ ಎಲ್ಲಿ ಬರುತ್ತೆ ಅಂದುಕೊಂಡೆ.”

ಅವನ ಹೆಂಡತಿ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

“ಕೈ ಹೋದದ್ದಕ್ಕೆ ನನಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ” ಎಂದು ಅವನೇ ಮುಂದುವರಿಸಿದ. “ಗಾಡಿ ತಡವಾದಾಗ ಗಡಿಯಾರ ಯಾರು ನೋಡುವುದಿಲ್ಲ? ನಾನು ಔರಂಗಾಬಾದಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದೆ. ಗಾಡಿ ಬರುವ ಹೊತ್ತಿಗೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ. ನೀವು ಬರಲಿಲ್ಲವಲ್ಲ, ಸಿಟ್ಟು ಬಂದದ್ದು ಅದಕ್ಕೆ.”

ಮಾವ ಹೇಳಿದ್ದು ಒಂದೇ ಮಾತು: “ಹೆದರಿದ್ದೆ.”

ಸಖಾರಾಮ ತಲೆಯಾಡಿಸಿದ. ಚಹಾದ ಬಟ್ಟಲನ್ನು ಅವರ ಕಡೆ ತಳ್ಳಿದ. ಆಮೇಲೆ ಮತ್ತೆ ಮಾಡೆಲ್ಲಿನ ಮೇಲೆ ಬಗ್ಗಿ, ಎಲ್ಲ ಕಡೆ ಹುಡುಕಿ ನೋಡಿ ಕೇಳಿದ: “ಇದರಲ್ಲಿ ನಾನೆಲ್ಲಿ ಸಾಹೇಬ್?”

ನಿಜ ಹೇಳುತ್ತೇನೆ, ಒಂದು ತಿಂಗಳು ನಾವು ಮೂವರೂ ಕೂತು ಪಾರಿವಾಳ ಮಾಡಿದ್ದೆವು, ನೀರಿನ ಕೊಡ ಮಾಡಿದ್ದೆವು, ಸಖಾರಾಮನನ್ನು ಮಾಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಹಿಂದಿರುಗುವಾಗ ಮಾವ ಅಳಬಹುದು, ಮತ್ತೆ ಮೂಕರಾಗಬಹುದು ಎಂದು ನಾನು ಹೆದರಿದ್ದೆ. ಹಾಗಾಗಲಿಲ್ಲ. ಮನಮಾಡದಲ್ಲಿ ಇಳಿದು ಎರಡು ಪ್ಲೇಟು ಬಟಾಟೆವಡೆ ತಿಂದರು. ಮನೆಗೆ ಬಂದ ಮರುದಿನ ಟಾಕಿಯನ್ನು ಕಿತ್ತು ಬೇವಿನ ಮರದ ಪಕ್ಕ ನೆಟ್ಟರು. ಹಳೆಯ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಉಳಿಯಿತು. ಮರಳು ಹಾಕಿ ಮುಚ್ಚಲೇ ಎಂದು ಕೇಳಿದೆ. “ಇರಲಿ ಬಿಡು” ಎಂದರು. ಆಮೇಲೆ ಒಂದು ಬೆಂಕಿಕಡ್ಡಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಕೂತರು.

ಮುಂದಿನ ಶ್ರಾವಣದಲ್ಲಿ ಸಖಾರಾಮ ಗೋದಾವರಿ ಸ್ನಾನಕ್ಕೆಂದು ಬಂದವನು ನಮ್ಮಲ್ಲಿ ನಾಲ್ಕು ದಿನ ಇದ್ದ. ಹಲಗೆಯ ಮೇಲೆ ತನ್ನನ್ನು ಹುಡುಕಿ, “ಎರಡೂ ಕೈ ಇಟ್ಟಿದ್ದೀರಲ್ಲ ಸಾಹೇಬ್” ಎಂದ. “ಆಗ ಇದ್ದವಲ್ಲ” ಎಂದರು ಮಾವ. ಇಬ್ಬರೂ ಜಗಲಿಯ ಮೇಲೆ ಕೂತು, ಹೋಗುವ ಬರುವ ಗಾಡಿಗಳ ತಡವನ್ನು ಬಯ್ಯುತ್ತಾ ಶೇಂಗಾ ತಿಂದರು. ಆಮೇಲೆ ವರ್ಷಕ್ಕೊಮ್ಮೆ ಅವನು ಇಲ್ಲಿಗೆ ಬರುವುದು, ಒಮ್ಮೆ ಇವರು ಅಲ್ಲಿಗೆ ಹೋಗುವುದು ನಡೆಯಿತು. ಮಾವ ಹಾಸಿಗೆ ಹಿಡಿದಾಗ ಸಖಾರಾಮ ಬಂದು, ಹದಿನೈದು ದಿನ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕವೇ ಕೂತಿದ್ದ.

ನಿನ್ನೆ ಸಂಜೆ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಗಂಡ ಆಚೆ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ, ಕಿವಿ ತಮಗೆ ಬೇಕಾದಾಗ ಕೇಳುತ್ತದೆ. ಹುಡುಗಿ ಥಟ್ಟನೆ ತಿರುಗಿ, “ಪಣ ಅಜ್ಜಾ, ನೀವು ಲಹಾನ್ ಹುಡುಗ ಇರುವಾಗ ಅಲ್ಲೇ ಇದ್ರಿ ನಾ? ನಿಮಗೆ ಟಾಕಿ ಎಲ್ಲಿತ್ತು ಅಂತ ಗೊತ್ತಿರಲಿಲ್ವಾ?” ಎಂದು ಕೇಳಿದಳು.

ಐವತ್ತು ವರ್ಷ ನನಗೆ ಹೊಳೆಯದ ಪ್ರಶ್ನೆ.

ಅವರು ಪತ್ರಿಕೆ ಮಡಚಿದರು. “ಗೊತ್ತಿತ್ತು” ಎಂದರು.

“ಮತ್ತ ಅವತ್ತು ಯಾಕ ಹೇಳಲಿಲ್ಲ ರೀ?” ಎಂದೆ ನಾನು. “ಗುರುತು ಹಾಕಿದವರು ನೀವೇ ಅಲ್ಲಾ?”

“ಅಪ್ಪ ಬೆರಳು ಇಟ್ಟ ಜಾಗಾ ಅದು. ಬೆರಳು ನಡಗಾಕತ್ತಿತ್ತು” ಎಂದರು. ಪತ್ರಿಕೆಯನ್ನು ಪಕ್ಕಕ್ಕಿಟ್ಟು, “ಹೇಳಿದ್ದರ ಅವ್ರು ಗಂಗಾಪುರಕ್ಕ ಹೋಗ್ತಿದ್ರೇನು ಅಂತ ಆಮ್ಯಾಲೆ ಅನಸ್ತು. ಆದ್ರ ಅವತ್ತು ಅಷ್ಟೆಲ್ಲ ವಿಚಾರ ಮಾಡಿರಲಿಲ್ಲ. ಬಾಯಿ ಬರಲಿಲ್ಲ, ಅಷ್ಟ” ಎಂದರು.

ನಿನ್ನೆಯವರೆಗೆ ನಾನು, ಅವರ ಕಣ್ಣಿಗೆ ಅಳತೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದೇ ನಂಬಿದ್ದೆ. ನಾಲ್ಕು ಜನರ ಮುಂದೆ ಹಾಗೆ ಆಡಿಕೊಂಡೂ ಇದ್ದೆ.

ಮೊಮ್ಮಗಳು ಉಗುರಿಗೆ ಹೊಸ ಬಣ್ಣ ಹಚ್ಚತೊಡಗಿದ್ದಳು. ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತೆ.